ಬೆಣ್ಣೆ ಇಲ್ಲದ ಮಸಾಲೆ ಪೈ: ನಾಲ್ಕು ಕೊಬ್ಬು, ಮೂರು ಹಣ್ಣು, ಒಂದು ಒದ್ದೆ ತಳ

ಅಕ್ಕನ ಮಗಳು ಹಾಲು, ಬೆಣ್ಣೆ, ಮೊಟ್ಟೆ ಬಿಟ್ಟು ಎರಡು ವರ್ಷ ಆಯಿತು. ಈ ಸಲ ಸೇಬಿನ ಕಾಲ ಶುರುವಾದಾಗ ಅವಳು ಕೇಳಿದ್ದು ಒಂದೇ. "ಚಿಕ್ಕಮ್ಮ, ಮೊದಲಿನ ಥರದ್ದೇ ಪೈ ಮಾಡಿಕೊಡ್ತೀಯಾ?"

ಬೆಣ್ಣೆಯ ಜಾಗಕ್ಕೆ ಅಷ್ಟೇ ತೂಕದ ವೀಗನ್ ಸ್ಪ್ರೆಡ್, ಅಂದರೆ ಹಾಲಿನ ಅಂಶವಿಲ್ಲದ ಸವರುವ ಕೊಬ್ಬು, ಹಾಕಿದೆ. ಉಳಿದದ್ದೆಲ್ಲ ಹಳೆಯ ರೀತಿಯಲ್ಲೇ ಮಾಡಿದೆ. ಮೇಲಿನಿಂದ ನೋಡಲು ಚೆನ್ನಾಗಿಯೇ ಇತ್ತು, ಹೊಂಬಣ್ಣ ಬಂದಿತ್ತು, ಚಕ್ಕೆಯ ಘಮ ಮನೆ ತುಂಬಿತ್ತು. ಕತ್ತರಿಸಿ ಒಂದು ತುಂಡು ಎತ್ತಿದರೆ ತಳ ಮಾತ್ರ ಟಿನ್‌ನಲ್ಲೇ ಉಳಿಯಿತು. ಬೂದು ಬಣ್ಣದ, ಬೆರಳಿಗೆ ಅಂಟುವ ಹಸಿ ಹಿಟ್ಟು. ಅವಳು ಏನೂ ಹೇಳದೆ ಹೂರಣ ಮಾತ್ರ ತಿಂದಳು. ನನಗೆ ತುಂಬಾ ಬೇಜಾರಾಯಿತು.

ಆಮೇಲೆ ಒಂದೊಂದನ್ನೇ ಬದಲಿಸುತ್ತಾ ಎಂಟು ಪೈ ಮಾಡಿದೆ. ಒಮ್ಮೆ ಕೊಬ್ಬು, ಒಮ್ಮೆ ಹಣ್ಣು, ಒಮ್ಮೆ ಗಟ್ಟಿ ಮಾಡುವ ಪುಡಿ. ಮೂರನೆಯದು ಮುಗಿಯುವ ಹೊತ್ತಿಗೆ ಒಂದು ವಿಷಯ ಗೊತ್ತಾಯಿತು. ಬೆಣ್ಣೆ ಇಲ್ಲ, ಮೊಟ್ಟೆ ಇಲ್ಲ ಅನ್ನುವುದು ದೊಡ್ಡ ಸಮಸ್ಯೆಯೇ ಅಲ್ಲ. ಸಮಸ್ಯೆ ನೀರಿನದು. ಕೊಬ್ಬಿನೊಳಗಿನ ನೀರು, ಹಣ್ಣಿನೊಳಗಿನ ನೀರು. ಮುಂದೆ ಬರೆದಿರುವುದೆಲ್ಲ ಆ ಲೆಕ್ಕದಲ್ಲೇ ಇದೆ.

ಅಳತೆ ಎಲ್ಲದಕ್ಕೂ ಒಂದೇ ಇಟ್ಟುಕೊಂಡೆ. 23 ಸೆಂಟಿಮೀಟರಿನ ಲೋಹದ ಟಿನ್, ಕೆಳಗೂ ಮೇಲೂ ಕ್ರಸ್ಟ್, ಅಂದರೆ ಲಟ್ಟಿಸಿದ ಹಿಟ್ಟಿನ ಹೊದಿಕೆ. ಅದಕ್ಕೆ 300 ಗ್ರಾಂ ಮೈದಾ, ಒಂದು ಚಮಚ ಸಕ್ಕರೆ, ಒಂದು ಸಣ್ಣ ಚಮಚ ಉಪ್ಪು. ಹೂರಣಕ್ಕೆ ಸಿಪ್ಪೆ ತೆಗೆದು ಹೆಚ್ಚಿದ 1 ಕಿಲೋ ಹಣ್ಣು.

ಕೊಬ್ಬು

ಮೈದಾಕ್ಕೆ ನೀರು ತಾಗಿದ ಕೂಡಲೇ ಗ್ಲೂಟೆನ್ ಅನ್ನುವ ಎಳೆ ಹುಟ್ಟುತ್ತದೆ. ಬ್ರೆಡ್‌ಗೆ ಅದು ಬೇಕು. ಪೈಗೆ ಜಾಸ್ತಿ ಆದರೆ ಕ್ರಸ್ಟ್ ರಬ್ಬರಿನಂತಾಗುತ್ತದೆ. ಕೊಬ್ಬು ಹಿಟ್ಟಿನ ಕಣಗಳಿಗೆ ಮೆತ್ತಿಕೊಂಡು ನೀರನ್ನು ದೂರ ಇಡುತ್ತದೆ. ಜೊತೆಗೆ ಅಲ್ಲಲ್ಲಿ ತಣ್ಣಗಿನ ಕೊಬ್ಬಿನ ತುಂಡುಗಳು ಉಳಿದಿದ್ದರೆ, ಓವನ್‌ನಲ್ಲಿ ಅವು ಕರಗಿ ಆ ಜಾಗ ಖಾಲಿಯಾಗುತ್ತದೆ. ನೀರು ಆವಿಯಾಗಿ ಆ ಸಂದನ್ನು ಮೇಲಕ್ಕೆತ್ತುತ್ತದೆ. ಪದರ ಬರುವುದು ಹೀಗೆ. ಹಾಗಾಗಿ ಕೊಬ್ಬಿನಲ್ಲಿ ನೀರೆಷ್ಟು, ಅದು ಎಷ್ಟು ಬಿಸಿಗೆ ಕರಗುತ್ತದೆ, ಈ ಎರಡು ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಸಾಕು.

ನನ್ನ ಮೊದಲ ಪೈ ಕೆಟ್ಟದ್ದು ಇಲ್ಲೇ. ಡಬ್ಬಿಯಲ್ಲಿ ಬರುವ ಮೆತ್ತಗಿನ ಸ್ಪ್ರೆಡ್‌ನಲ್ಲಿ ಕೆಲವೊಮ್ಮೆ ಅರ್ಧದಷ್ಟೇ ಕೊಬ್ಬು ಇರುತ್ತದೆ, ಉಳಿದದ್ದು ಹೆಚ್ಚಾಗಿ ನೀರು. ಅದು ಬ್ರೆಡ್‌ಗೆ ಸವರಲಿಕ್ಕೆ ಮಾಡಿದ್ದು. ಪೈಗೆ ಬೇಡವೇ ಬೇಡ.

ಗಟ್ಟಿ ಇಟ್ಟಿಗೆಯ ಆಕಾರದಲ್ಲಿ ಬರುವ ವೀಗನ್ ಬೆಣ್ಣೆ ಬೇರೆ. ಅದರಲ್ಲಿ ಸಾಮಾನ್ಯವಾಗಿ ನೂರಕ್ಕೆ 75ರಿಂದ 80 ಭಾಗ ಕೊಬ್ಬು ಇರುತ್ತದೆ, ಹೆಚ್ಚುಕಡಿಮೆ ಹಾಲಿನ ಬೆಣ್ಣೆಯಷ್ಟೇ. 200 ಗ್ರಾಂ ಹಾಕಿ, 70 ಮಿಲಿ ಐಸ್ ನೀರಿನಲ್ಲಿ ಕಲಸಿದೆ. ರುಚಿಯಲ್ಲಿ ಇದನ್ನು ಮೀರಿಸಿದ್ದು ಬೇರೆ ಯಾವುದೂ ಇಲ್ಲ. ಪದರವೂ ಚೆನ್ನಾಗಿ ಬಂತು. ತೊಂದರೆ ಒಂದೇ, ಅಡುಗೆಮನೆ ಸ್ವಲ್ಪ ಬೆಚ್ಚಗಿದ್ದರೂ ಬೇಗ ಮೆತ್ತಗಾಗುತ್ತದೆ. ಲಟ್ಟಿಸುವಾಗ ಎರಡು ಸಲ ಫ್ರಿಜ್‌ಗೆ ಇಟ್ಟು ತೆಗೆಯಬೇಕಾಯಿತು. ಇನ್ನೊಂದು ಮಾತು, ಮಾರ್ಗರಿನ್ ಅಂತ ಬರೆದಿದ್ದೆಲ್ಲ ವೀಗನ್ ಅಲ್ಲ. ಕೆಲವಕ್ಕೆ ಹಾಲಿನ ಪುಡಿ ಅಥವಾ ವೇ (ಹಾಲು ಒಡೆದಾಗ ಉಳಿಯುವ ತಿಳಿನೀರಿನ ಅಂಶ) ಸೇರಿಸಿರುತ್ತಾರೆ. ಪೊಟ್ಟಣದ ಹಿಂಭಾಗ ಓದಿಯೇ ಕೊಳ್ಳಿ.

ಕೊಬ್ಬರಿ ಎಣ್ಣೆಯ ಜೊತೆ ಜಾಸ್ತಿ ಹೊತ್ತು ಕಳೆದೆ. ಅದರಲ್ಲಿ ನೀರೇ ಇಲ್ಲ, ಪೂರ್ತಿ ಕೊಬ್ಬು. ಹಾಗಾಗಿ 200 ಗ್ರಾಂ ಅಲ್ಲ, 160 ಗ್ರಾಂ ಸಾಕು, ನೀರು 105 ಮಿಲಿ. ಆದರೆ ಅದು ಕರಗುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೆ. ಫ್ರಿಜ್‌ನಿಂದ ತೆಗೆದರೆ ಕಲ್ಲು, ಕೈಯಲ್ಲಿ ಹಿಡಿದರೆ ಎಣ್ಣೆ. ನಡುವಿನ ಮೆತ್ತನೆಯ ಹದ ಬಂದು ಹೋಗಿದ್ದೇ ಗೊತ್ತಾಗುವುದಿಲ್ಲ. ಮೊದಲ ಸಲ ಫ್ರಿಜ್‌ನಿಂದ ತೆಗೆದು ನೇರ ಲಟ್ಟಣಿಗೆ ಒತ್ತಿದೆ. ಹಿಟ್ಟು ನಡುವಿನಿಂದ ಅಂಚಿನ ತನಕ ಒಣಗಿದ ಕೆರೆಯ ತಳದ ಹಾಗೆ ಸೀಳಿತು. ಎರಡನೇ ಸಲ ಉಪಾಯ ಬದಲಿಸಿದೆ. ಎಣ್ಣೆಯನ್ನು ಕರಗಿಸಿ, ತಟ್ಟೆಯ ಮೇಲೆ ತೆಳ್ಳಗೆ ಹರಡಿ ಫ್ರೀಜರ್‌ನಲ್ಲಿಟ್ಟೆ. ಗಾಜಿನ ಹಾಗೆ ಗಟ್ಟಿಯಾದ ಮೇಲೆ ಚೂರು ಚೂರು ಮುರಿದು ಹಿಟ್ಟಿಗೆ ಸೇರಿಸಿದೆ. ಕಲಸಿದ ಹಿಟ್ಟನ್ನು ಫ್ರಿಜ್‌ನಿಂದ ತೆಗೆದ ಮೇಲೆ ಹತ್ತು ನಿಮಿಷ ಸುಮ್ನೆ ಬಿಟ್ಟು, ಬೆರಳು ಒತ್ತಿದರೆ ಗುರುತು ಮೂಡುವ ಹದಕ್ಕೆ ಬಂದಾಗ ಲಟ್ಟಿಸಿದೆ. ಈ ಸಲ ಸೀಳಲಿಲ್ಲ. ಬೆಂದ ಮೇಲೆ ಚಾಕು ಇಳಿಸಿದಾಗ ಕರ್ ಅಂತ ಸದ್ದು ಬಂತು. ಎಂಟು ಪೈಗಳಲ್ಲಿ ಅಷ್ಟು ಗರಿಗರಿಯಾದ ತಳ ಇನ್ನೊಂದಿಲ್ಲ. ಆದರೆ ಮಾರನೇ ದಿನ ಫ್ರಿಜ್‌ನಿಂದ ತೆಗೆದು ಹಾಗೇ ತಿಂದರೆ ಬಿರುಸು, ಬೆಚ್ಚಗೆ ಮಾಡಲೇಬೇಕು. ಶುದ್ಧೀಕರಿಸಿದ, ವಾಸನೆ ಇಲ್ಲದ ಎಣ್ಣೆಯನ್ನೇ ಬಳಸಿ. ವರ್ಜಿನ್ ಎಣ್ಣೆ ಹಾಕಿ ಒಮ್ಮೆ ನೋಡಿದೆ. ಕಾಯಿಯ ವಾಸನೆ ಮುಂದೆ ಬಂದು ಸೇಬು, ಚಕ್ಕೆ ಎರಡೂ ಹಿಂದೆ ಸರಿದವು.

ವೆಜಿಟೆಬಲ್ ಶಾರ್ಟನಿಂಗ್, ಅಂದರೆ ಡಾಲ್ಡಾದಂಥ ಗಟ್ಟಿ ಸಸ್ಯ ಕೊಬ್ಬು, ಕೈಗೆ ಎಲ್ಲಕ್ಕಿಂತ ಸುಲಭ. ಬೇಗ ಕರಗದ ಕಾರಣ ಹಿಟ್ಟು ಹೇಳಿದ ಹಾಗೆ ಕೇಳುತ್ತದೆ. ಅಂಚಿಗೆ ಒತ್ತಿದ ನಿರಿಗೆ ಬೆಂದ ಮೇಲೂ ಹಾಗೇ ಉಳಿಯುತ್ತದೆ. ಆದರೆ ಅದೇ ಗುಣ ಬಾಯಲ್ಲಿ ತಿರುಗಿ ಬೀಳುತ್ತದೆ. ನಾಲಿಗೆಯ ಬಿಸಿಗೂ ಪೂರ್ತಿ ಕರಗದೆ ಅಂಗುಳಿಗೆ ಮೇಣದಂಥ ಒಂದು ಪದರ ಅಂಟುತ್ತದೆ. ಅದಕ್ಕೆ ಸ್ವಂತ ರುಚಿಯೂ ಇಲ್ಲ. ನನಗೆ ಇಷ್ಟವಾಗಲಿಲ್ಲ. ತಾಳೆ ಎಣ್ಣೆ ಬೇಡ ಅನ್ನುವವರು ಇದರಲ್ಲೂ ಗಟ್ಟಿ ವೀಗನ್ ಬೆಣ್ಣೆಯಲ್ಲೂ ಅದು ಇದೆಯಾ ಅಂತ ನೋಡಿಕೊಳ್ಳಬೇಕು. ತುಂಬಾ ಬ್ರ್ಯಾಂಡ್‌ಗಳಲ್ಲಿ ಇರುತ್ತದೆ.

ಕೊನೆಯದು ಸಾದಾ ಸೂರ್ಯಕಾಂತಿ ಎಣ್ಣೆ. ಪದರ ಬರುವುದೇ ಇಲ್ಲ, ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಎರಡು ಬೇಕಿಂಗ್ ಕಾಗದದ ನಡುವೆ ಇಟ್ಟು ಲಟ್ಟಿಸಬೇಕು. ಇದರಿಂದ ಹೆಚ್ಚೇನೂ ನಿರೀಕ್ಷಿಸಿರಲಿಲ್ಲ. ಆದರೆ ಮಾರನೇ ದಿನವೂ ಅದರ ತಳ ಒದ್ದೆಯಾಗಿರಲಿಲ್ಲ! ಎಣ್ಣೆ ಹಿಟ್ಟಿನ ಒಂದೊಂದು ಕಣಕ್ಕೂ ಮೆತ್ತಿಕೊಂಡಿರುತ್ತದೆ, ಹಣ್ಣಿನ ರಸ ಒಳಗೆ ಇಳಿಯಲು ಜಾಗವೇ ಇಲ್ಲ.

ಇದನ್ನು ನೋಡಿದ ಮೇಲೆ ನನ್ನ ವಿಧಾನ ಬದಲಾಯಿತು. ಈಗ ನಾನು ಹಾಕುವುದು 150 ಗ್ರಾಂ ಗಟ್ಟಿ ವೀಗನ್ ಬೆಣ್ಣೆ, 40 ಗ್ರಾಂ ವಾಸನೆ ಇಲ್ಲದ ಕೊಬ್ಬರಿ ಎಣ್ಣೆ. ಹಿಟ್ಟನ್ನು ಮೊದಲೇ ಎರಡು ಪಾಲು ಮಾಡುತ್ತೇನೆ. ಕೆಳಗಿನ ಪಾಲಿಗೆ ಕೊಬ್ಬನ್ನು ಒದ್ದೆ ಮರಳಿನ ಹಾಗೆ ಆಗುವ ತನಕ ತಿಕ್ಕುತ್ತೇನೆ. ಮೇಲಿನ ಪಾಲಿನಲ್ಲಿ ಕಡಲೆಕಾಳಿನ ಗಾತ್ರದ ತುಂಡುಗಳನ್ನು ಹಾಗೇ ಬಿಡುತ್ತೇನೆ. ತಳ ರಸ ತಡೆಯುತ್ತದೆ, ಮೇಲ್ಭಾಗ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಎರಡಕ್ಕೂ ಒಂದೇ ಹದ ಮಾಡುತ್ತಿದ್ದದ್ದೇ ಇಷ್ಟು ದಿನದ ತಪ್ಪು.

ಹಣ್ಣು

ಸೇಬಿನಲ್ಲಿ ನೂರಕ್ಕೆ 85 ಭಾಗ ನೀರು. ಅದೂ ಸಾಲದು ಅಂತ, ಅದರ ಗಾತ್ರದಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಗಾಳಿ. ಸೇಬು ನೀರಿನಲ್ಲಿ ತೇಲುವುದು ಅದಕ್ಕೇ. ಬೇಯುವಾಗ ಗಾಳಿ ಹೋಗಿ ಹಣ್ಣು ಕುಸಿಯುತ್ತದೆ, ಮೇಲಿನ ಕ್ರಸ್ಟ್ ಮಾತ್ರ ಗುಮ್ಮಟದ ಹಾಗೆ ನಿಂತುಬಿಡುತ್ತದೆ. ಕತ್ತರಿಸಿದರೆ ನಡುವೆ ಖಾಲಿ.

ಎರಡಕ್ಕೂ ಒಂದೇ ಮದ್ದು. ಹೆಚ್ಚಿದ ಹಣ್ಣಿಗೆ ಸಕ್ಕರೆ, ನಿಂಬೆರಸ, ಚಿಟಿಕೆ ಉಪ್ಪು ಬೆರೆಸಿ ಒಂದು ಗಂಟೆ ಬಿಡಿ. ಹಣ್ಣು ರಸ ಬಿಟ್ಟು ಮೆತ್ತಗೆ ಬಾಗುತ್ತದೆ. ರಸವನ್ನು ಬಸಿದು, ಮಸಾಲೆ ಹಾಕಿ, ಸಣ್ಣ ಪಾತ್ರೆಯಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಯುವ ತನಕ ಕುದಿಸಿ. ಚಮಚದಿಂದ ಬೀಳುವಾಗ ಎಳೆಯಾಗಿ ಇಳಿಯುವ ಪಾಕ ಬರುತ್ತದೆ. ತಣ್ಣಗಾದ ಮೇಲೆ ಮತ್ತೆ ಹಣ್ಣಿಗೆ ಬೆರೆಸಿ. ರುಚಿ ಒಂದು ಹನಿಯೂ ಹೋಗುವುದಿಲ್ಲ, ಹೋಗುವುದು ನೀರು ಮಾತ್ರ. ಈ ಒಂದು ಕೆಲಸ ನನ್ನ ಪೈಯನ್ನು ಬದಲಿಸಿದಷ್ಟು ಬೇರೆ ಯಾವುದೂ ಬದಲಿಸಲಿಲ್ಲ.

ಸೇಬಿನಲ್ಲಿ ಗ್ರಾನಿ ಸ್ಮಿತ್‌ನಂಥ ಹುಳಿ, ಗಟ್ಟಿ ಜಾತಿ ಆಕಾರ ಬಿಡುವುದಿಲ್ಲ. ಮ್ಯಾಕಿಂಟಾಷ್ ಬೆಂದರೆ ಹಿಸುಕಿದ ಹಾಗೆ ಆಗುತ್ತದೆ. ನಾನು ಮುಕ್ಕಾಲು ಪಾಲು ಗ್ರಾನಿ ಸ್ಮಿತ್, ಕಾಲು ಪಾಲು ಸಿಹಿ ಸೇಬು ಹಾಕುತ್ತೇನೆ.

ಮರಸೇಬು, ಅಂದರೆ ಪಿಯರ್, ಬೇರೆಯೇ ಸ್ವಭಾವದ ಹಣ್ಣು. ಒಳಗಿನಿಂದ ಹಣ್ಣಾಗುತ್ತಾ ಬರುವ ಕಾರಣ ಹೊರಗೆ ಮೆತ್ತಗಾಗುವ ಹೊತ್ತಿಗೆ ನಡುಭಾಗ ಕಳಿತಿರುತ್ತದೆ. ತೊಟ್ಟಿನ ಹತ್ತಿರ ಒತ್ತಿದರೆ ಸ್ವಲ್ಪವೇ ಬಾಗಬೇಕು, ಆ ಹಂತದ್ದು ಪೈಗೆ ಸರಿ. ರಸ ಸೇಬಿಗಿಂತ ಬೇಗ ಬಿಟ್ಟಿತು. ಹುಳಿ ಕಡಿಮೆ, ಹಾಗಾಗಿ ನಿಂಬೆರಸ ಎರಡು ಚಮಚ ಬೇಕಾಯಿತು. ರುಚಿ ನಯ, ಹೂವಿನ ಹಾಗೆ. ಅದರ ಮೇಲೆ ಲವಂಗ ಹಾಕಿದ್ದು ನನ್ನ ತಪ್ಪು, ಹಣ್ಣು ಪೂರ್ತಿ ಮುಚ್ಚಿಹೋಯಿತು. ಮುಂದಿನ ಸಲ ಶುಂಠಿ ಮತ್ತು ಏಲಕ್ಕಿ ಮಾತ್ರ ಹಾಕಿದೆ. ಆ ಪೈ ಈಗಲೂ ಬಾಯಲ್ಲಿದೆ.

ಪ್ಲಮ್‌ನ ಬಣ್ಣ ನೋಡಲು ಎರಡು ಕಣ್ಣು ಸಾಲದು. ಆದರೆ ರಸವೂ ಅಷ್ಟೇ ಜೋರು. ಬಸಿದು ಕುದಿಸಿದರೂ ಅಂಚಿನಿಂದ ಉಕ್ಕಿ ಓವನ್ ತಳಕ್ಕೆ ಬಿತ್ತು. ಪ್ಲಮ್‌ಗೆ ಮೇಲೆ ಪೂರ್ತಿ ಮುಚ್ಚುವ ಕ್ರಸ್ಟ್ ಬೇಡ, ಜಾಲರಿಯ ಹಾಗೆ ಪಟ್ಟಿಗಳನ್ನು ಹೆಣೆಯಿರಿ. ಆವಿ ಹೋಗಲು ದಾರಿ ಇರುತ್ತದೆ.

ಮೂರರಲ್ಲಿ ಒಂದನ್ನೇ ಆರಿಸು ಅಂದರೆ ನನ್ನ ಮತ ಸೇಬು ಮತ್ತು ಮರಸೇಬು ಅರ್ಧರ್ಧ. ಸೇಬು ಪೈಯನ್ನು ಎತ್ತಿ ನಿಲ್ಲಿಸುತ್ತದೆ, ಮರಸೇಬು ಘಮ ಕೊಡುತ್ತದೆ.

ಗಟ್ಟಿ ಮಾಡುವ ಪುಡಿಯ ವಿಷಯ ಚಿಕ್ಕದು. ಮೈದಾ ಹಾಕಿದರೆ ರಸ ಮಸುಕಾಗುತ್ತದೆ, ಅದರ ಶಕ್ತಿಯೂ ಕಾರ್ನ್‌ಫ್ಲೋರ್‌ನ ಅರ್ಧದಷ್ಟೇ. ಸೇಬಿಗೆ ಮೂರು ದೊಡ್ಡ ಚಮಚ ಕಾರ್ನ್‌ಫ್ಲೋರ್ ಸಾಕು. ಆದರೆ ನಡುಭಾಗದಲ್ಲಿ ರಸ ಕೊತಕೊತ ಕುದಿಯುವ ತನಕ ಬೇಯಿಸದಿದ್ದರೆ ಅದು ಗಟ್ಟಿಯಾಗುವುದಿಲ್ಲ, ಹಸಿ ಹಿಟ್ಟಿನ ರುಚಿ ಉಳಿಯುತ್ತದೆ. ಪ್ಲಮ್‌ಗೆ ಟ್ಯಾಪಿಯೋಕಾ, ಅಂದರೆ ಮರಗೆಣಸಿನ ಹಿಟ್ಟು ಒಳ್ಳೆಯದು, ರಸ ಗಾಜಿನ ಹಾಗೆ ತಿಳಿಯಾಗಿ ಹೊಳೆಯುತ್ತದೆ.

ಮಸಾಲೆ

ಡಬ್ಬಿಯಲ್ಲಿ ಸಿಗುವ ಪೈ ಮಸಾಲೆ ಒಂದು ಕಡೆ, ಮನೆಯಲ್ಲಿ ಕುಟ್ಟಿದ್ದು ಒಂದು ಕಡೆ ಇಟ್ಟು ಹೋಲಿಸಿದೆ. ಇದರಲ್ಲಿ ಸ್ಪರ್ಧೆಯೇ ಇರಲಿಲ್ಲ. ಮುಖ್ಯವಾಗಿ ಜಾಯಿಕಾಯಿ. ಪುಡಿ ಮಾಡಿಟ್ಟದ್ದಕ್ಕೆ ಬರೀ ಕಹಿ, ಆಗಲೇ ತುರಿದದ್ದಕ್ಕೆ ಬೆಚ್ಚಗಿನ ಸಿಹಿ ವಾಸನೆ. ಸೇಬಿನ ಹೂರಣಕ್ಕೆ ಒಂದೂವರೆ ಸಣ್ಣ ಚಮಚ ಚಕ್ಕೆ ಪುಡಿ, ಅರ್ಧ ಚಮಚ ಒಣಶುಂಠಿ, ಕಾಲು ಚಮಚ ಜಾಯಿಕಾಯಿ, ಎರಡೇ ಎರಡು ಲವಂಗ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಅನ್ನುವ ಅಂಶ ನಾಲಿಗೆಯನ್ನು ಮರಗಟ್ಟಿಸುತ್ತದೆ, ಮೂರನೆಯದು ಹಾಕಿದರೆ ಗೊತ್ತಾಗುತ್ತದೆ. ಸಿಲೋನ್ ಚಕ್ಕೆ ತೆಳು, ನಯ, ಮರಸೇಬಿಗೆ ಅದೇ ಸರಿ. ಕ್ಯಾಸಿಯಾ ಅನ್ನುವ ಇನ್ನೊಂದು ಬಗೆಯ ಚಕ್ಕೆ ದಪ್ಪ ತೊಗಟೆಯದ್ದು, ಖಾರ ಜಾಸ್ತಿ. ಸೇಬಿನ ಹುಳಿಯ ಎದುರು ನಿಲ್ಲುವುದು ಕ್ಯಾಸಿಯಾನೇ.

ಬಣ್ಣ, ಬೇಯುವಿಕೆ

ಮೊಟ್ಟೆ ಸವರುವ ಜಾಗಕ್ಕೆ ಮೂರು ಪ್ರಯತ್ನ ಮಾಡಿದೆ. ಕಾಬೂಲಿ ಕಡಲೆ ಬೇಯಿಸಿದ ನೀರು, ಅಂದರೆ ಅಕ್ವಾಫಾಬಾ, ಹೊಳಪು ಕೊಟ್ಟಿತು, ಬಣ್ಣ ಕೊಡಲಿಲ್ಲ. ಓಟ್ ಹಾಲು ಎರಡನ್ನೂ ಅಷ್ಟಕ್ಕಷ್ಟೇ ಕೊಟ್ಟಿತು. ಗೆದ್ದದ್ದು ಸೋಯಾ ಹಾಲು, ಅದಕ್ಕೆ ಒಂದು ಸಣ್ಣ ಚಮಚ ಮೇಪಲ್ ಸಿರಪ್. ಸೋಯಾದಲ್ಲಿ ಪ್ರೋಟೀನ್ ಜಾಸ್ತಿ, ಸಕ್ಕರೆಯ ಜೊತೆ ಸೇರಿ ಬಿಸಿಗೆ ಚೆನ್ನಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ.

ಓವನ್ ಒಳಗೆ ಕೆಳಗಿನ ಹಂತದಲ್ಲಿ ಒಂದು ದಪ್ಪ ಟ್ರೇ ಇಟ್ಟು 220 ಡಿಗ್ರಿಗೆ ಕಾಯಿಸಿ. ಪೈಯನ್ನು ಆ ಬಿಸಿ ಟ್ರೇ ಮೇಲೆಯೇ ಇಡಿ, ತಳಕ್ಕೆ ತಕ್ಷಣ ಬಿಸಿ ತಾಗಬೇಕು. 20 ನಿಮಿಷದ ಮೇಲೆ 190ಕ್ಕೆ ಇಳಿಸಿ ಇನ್ನೂ 40 ನಿಮಿಷ. ಪಿಂಗಾಣಿ ತಟ್ಟೆಯಲ್ಲಿ ಒಮ್ಮೆ ಮಾಡಿದೆ. ನೋಡಲು ಚೆಂದ, ಆದರೆ ಬಿಸಿಯಾಗುವುದು ನಿಧಾನ, ಕೆಳಗೆ ಮತ್ತೆ ಬಿಳಿಚಿಕೊಂಡಿತು. ಲೋಹದ ಟಿನ್‌ಗೇ ನನ್ನ ಓಟು.

ಆಮೇಲೆ ಕಾಯಬೇಕು. ಮೂರು ಗಂಟೆ, ಕಡಿಮೆ ಅಂದರೂ. ಬಿಸಿ ಇರುವಾಗ ಕತ್ತರಿಸಿದರೆ ಎಂಥ ಒಳ್ಳೆ ಹೂರಣವೂ ಹರಿದು ತಳ ನೆನೆಸುತ್ತದೆ. ಎಂಟನೆಯ ಪೈ ಮಾಡಿದ ದಿನ ಅಕ್ಕನ ಮಗಳು ಬಂದಿದ್ದಳು. ಆರುವ ತನಕ ಕಾದು, ಅವಳೇ ಚಾಕು ಇಳಿಸಿದಳು. ತುಂಡು ಎತ್ತಿ ಕೆಳಗಿನಿಂದ ಬಗ್ಗಿ ನೋಡಿದಳು. ತಳ ಇತ್ತು, ಕಂದು ಬಣ್ಣಕ್ಕೆ, ಅಂಚಿನ ತನಕ. "ಇದೇ ಚಿಕ್ಕಮ್ಮ, ಇದೇ ಅಲ್ವಾ ಮೊದಲಿನದು!" ಅಂದಳು.

ಉಳಿದ ಅರ್ಧ ಮನೆಗೆ ಕೊಟ್ಟು ಕಳಿಸಿದೆ. ಮಾರನೇ ದಿನ ತಿನ್ನುವಾಗ 180 ಡಿಗ್ರಿಯ ಓವನ್‌ನಲ್ಲಿ 15 ನಿಮಿಷ ಇಡು, ಮೈಕ್ರೋವೇವ್‌ಗೆ ಮಾತ್ರ ಹಾಕಬೇಡ, ತಳ ಮತ್ತೆ ಮೆತ್ತಗಾಗುತ್ತದೆ ಅಂತ ಹೇಳಿಯೇ ಕಳಿಸಿದೆ.