ಪುಣೆದ ಸ್ಪ್ರಿಂಟ್ ಕ್ಲಾಸ್: ಟೈರಿಗೆ ರಂಗೋಲಿ ಹತ್ತಿದ್ರ ಔಟ್

ಸ್ಪ್ರಿಂಟ್ ಅಂದ್ರ ಕೊನೀಗೆ ಪೂರಾ ಜೋರ್ ಹಾಕಿ ಸೈಕಲ್ ಹೊಡಿಯೋದು, ಆವಾಗ ಲೈನ್ ಬಿಡದಂಗ ಸೀದಾ ಹೋಗೋದು ಕಲಿಸೋ ಕ್ಲಾಸ್ ಇದು. ನಾಲ್ಕು ಭಾನುವಾರ ಮುಗಿಸಿ ಬಂದೇನಿ, ಎರಡೂವರೆ ಸಾವಿರ ಕೊಟ್ಟಿದ್ದು ಒಂದು ರೂಪಾಯಿನೂ ದಂಡ ಆಗಿಲ್ಲ, ಪುಣೆದಾಗ ಸೈಕಲ್ ಹೊಡಿಯೋ ನಮ್ಮ ಮಂದಿಗೆ ಹೇಳಲೇಬೇಕು ಅನಿಸ್ತು.

ಹಿಂಜವಡಿ ಫೇಸ್ ತ್ರೀ ಕಡೆ, ಮುಂಜಾನೆ ಆರಕ್ಕ, ರೋಡ್ ಖಾಲಿ ಇರೋ ಹೊತ್ತಿಗೆ. ಎಂಟೇ ಮಂದಿನ್ನ ತಗೋತಾರ. ಕಲಿಸೋ ಸರ್ ಮರಾಠಿಯವ್ರು, ಜೋಡಿಗೆ ಬೆಳಗಾವಿ ಹುಡುಗ ಒಬ್ಬ ಅದಾನ, ನಮಗ ಕನ್ನಡದಾಗ ತಿಳಿಸಿ ಹೇಳ್ತಾನ.

ನಾ ಯಾಕ ಸೇರಿದೆ ಅಂದ್ರ, ಹೋದ ವರ್ಷ ಮುಳಶಿ ರೋಡಿನಾಗ ಒಂದು ಗ್ರೂಪ್ ರೈಡ್, ಊರ ಬೋರ್ಡಿನ ತನಕ ಸ್ಪ್ರಿಂಟ್ ಹಚ್ಚಿದ್ವಿ, ಬಲಕ್ಕಿದ್ದವ ಸೀದಾ ನನ್ನ ಮುಂದ ಅಡ್ಡ ಬಂದ, ನಾ ಎಡಕ್ಕ ಖಡಿ ಮ್ಯಾಲ ಜಾರಿ ಬಿದ್ದೆ, ಮೊಣಕೈ ಚರ್ಮ ಪೂರಾ ಕಿತ್ತು ಹೋತು. ಅವ ಹೊಳ್ಳಿ ಬಂದು "ರೇಸ್ ಅಂದ್ರ ಹಿಂಗ ಇರ್ತೈತಿ" ಅಂದ. ಗಾಯ ಮಾಯ್ತು, ಆ ಮಾತು ಇನ್ನೂ ಚುಚ್ಚತೈತಿ. ರೇಸಿಗೂ ರೂಲ್ ಐತಿ ರೀ. ಸ್ಪ್ರಿಂಟ್ ಶುರು ಮಾಡಿದಾಗ ಹಿಡಿದ ಲೈನ್ ಬಿಟ್ಟು ಇನ್ನೊಬ್ಬರ ದಾರಿಗೆ ಅಡ್ಡ ಹೋಗಂಗಿಲ್ಲ ಅಂತ ಜಗತ್ತಿನ ಸೈಕಲ್ ರೇಸಿಗೆ ರೂಲ್ ಮಾಡೋ ಸಂಸ್ಥೆ ಯುಸಿಐನೇ ಹೇಳೈತಿ.

ಕ್ಲಾಸಿನಾಗ ಇದನ್ನ ಹೆಂಗ ಕಲಸ್ತಾರ ನೋಡ್ರಿ. ರೋಡಿನ ಮ್ಯಾಲ ರಂಗೋಲಿ ಪುಡಿಲೆ ಒಂದೊಂದು ಮೀಟರ್ ಅಗಲಕ್ಕ ಗೆರಿ ಎಳೀತಾರ, ಇನ್ನೂರು ಮೀಟರ್ ಜೋರ್ ಹೊಡೀಬೇಕು, ಮುಗಿದ ಮ್ಯಾಲ ಸೈಕಲ್ ಎತ್ತಿ ಟೈರ್ ತೋರಿಸಬೇಕು. ಬೆಳ್ಳಗ ಹತ್ತಿದ್ರ ನೀವು ಲೈನ್ ಬಿಟ್ಟೀರಿ ಅಂತ ಅರ್ಥ, ವಾದ ಮಾಡೋ ಹಂಗ ಇಲ್ಲ. ಮೊದಲ ದಿನ ನನ್ನ ಎರಡೂ ಟೈರ್ ಬೆಳ್ಳಗ! ನಾನೂ ಇಷ್ಟು ಅಡ್ಡಾಡ್ತೀನಿ ಅಂತ ಗೊತ್ತೇ ಇರಲಿಲ್ಲ. ತಲಿ ಕೆಳಗ ಹಾಕಿ ಜಗ್ಗಿದ್ರ, ಇಲ್ಲಾ ಹಿಂದ ಯಾರು ಬಂದ್ರು ಅಂತ ಹೊಳ್ಳಿ ನೋಡಿದ್ರ, ಹ್ಯಾಂಡಲ್ಲೂ ಅದೇ ಕಡೆ ಹೋಗತೈತಿ. ಮೂರನೇ ವಾರಕ್ಕ ಕಪ್ಪು ಟೈರ್ ತೋರಿಸಿದೆ.

ಆಮ್ಯಾಲ ಚಹಾ ಕುಡಕೋತ ಟ್ಯಾಬಿನಾಗ ದೊಡ್ಡ ರೇಸಿನ ಕ್ಲಿಪ್ ತೋರಸ್ತಾರ. 2020ರ ಆಗಸ್ಟ್ 5, ಟೂರ್ ಆಫ್ ಪೋಲೆಂಡ್, ಕಾಟೊವಿತ್ಸೆದಾಗ ಇಳಿಜಾರಿನ ಫಿನಿಶ್, 80 ಕಿಲೋಮೀಟರ್ ಸ್ಪೀಡು, ಗ್ರೋನೆವೆಗೆನ್ ಅನ್ನೋ ರೈಡರ್ ಬಲಕ್ಕ ಸರದು ಸರದು ಬಾಜೂಕಿದ್ದ ಯಾಕೊಬ್ಸನ್‌ನ್ನ ಬ್ಯಾರಿಕೇಡಿಗೆ ಒತ್ತಿಬಿಟ್ಟ. ಯಾಕೊಬ್ಸನ್ ಕೋಮಾದಾಗ ಇದ್ದ, ಒತ್ತಿದವಗ ಒಂಬತ್ತು ತಿಂಗಳ ಬ್ಯಾನ್ ಬಿತ್ತು. ಯಾಕೊಬ್ಸನ್ ಮರುವರ್ಷನ ಸ್ಪೇನಿನ ದೊಡ್ಡ ರೇಸ್ ವುಯೆಲ್ಟಾದಾಗ ಮೂರು ಸ್ಟೇಜ್ (ಒಂದೊಂದು ದಿನದ ರೇಸ್) ಗೆದ್ದ ಅನ್ನೋದು ಕೇಳಿ ನನಗ ಕಣ್ಣಾಗ ನೀರು ಬಂತು. ಆದ್ರ ಅಂಥಾ ಇಳಿಜಾರಿನಾಗ ಫಿನಿಶ್ ಲೈನ್ ಇಟ್ಟವರದೂ ತಪ್ಪು, ಬರೇ ರೈಡರ್‌ಗೆ ಶಿಕ್ಷೆ ಕೊಟ್ರ ಸಾಲಂಗಿಲ್ಲ.

ಒಂದು ಕಡೆ ಸರ್ ಜೋಡಿ ನನಗ ಜಮಾಸಲಿಲ್ಲ. 2017ರ ಟೂರ್ ಡಿ ಫ್ರಾನ್ಸಿನಾಗ ಸ್ಪ್ರಿಂಟಿನಾಗ ಸಗಾನ್ ಅನ್ನೋ ರೈಡರ್ ಮೊಣಕೈ ಹೊರಗ ಚಾಚಿದಾಗ ಬಾಜೂಕಿದ್ದ ಕ್ಯಾವೆಂಡಿಶ್ ಬಿದ್ದ, ಅವನ ಭುಜದ ಎಲುಬು ಮುರೀತು, ಸಗಾನ್‌ನ್ನ ಮನಿಗೆ ಕಳಿಸಿದ್ರು. ಸರ್ ಪ್ರಕಾರ ಅದು ಬೇಕಂತಲೇ ಮಾಡಿದ್ದು. ಅದೇ ವರ್ಷ ಡಿಸೆಂಬರದಾಗ ಯುಸಿಐನೇ ಅದು ಬೇಕಂತ ಮಾಡಿದ್ದಲ್ಲ ಅಂತ ಒಪ್ಪಕೊಂಡೈತಿ, ನಾ ಅದನ್ನ ನಂಬತೀನಿ. 2010ರ ಟೂರಿನಾಗ ರೆನ್‌ಶಾ ಅನ್ನೋ ರೈಡರ್ ಬಾಜೂದವಗ ತಲೀಲೆ ಗುದ್ದಿದ್ದು ಬ್ಯಾರೆ ಮಾತು, ಮೂರು ಸಲ ಗುದ್ದ್ಯಾನ, ಅದಕ್ಕ ಅನುಮಾನನೇ ಇಲ್ಲ. ಈಗಂತೂ ಅಪಾಯ ಆಗೋ ಹಂಗ ಹೊಡದವರಿಗೆ ಎಚ್ಚರಿಕೆ ಕೊಡೋ ಯೆಲ್ಲೋ ಕಾರ್ಡ್ ಬಂದಾವ, ಒಂದೇ ರೇಸಿನಾಗ ಎರಡು ಬಂದ್ರ ರೇಸಿಂದ ಹೊರಗ, ಮ್ಯಾಲೆ ಏಳು ದಿನ ಸಸ್ಪೆಂಡ್.

ಹುಲ್ಲಿನ ಮ್ಯಾಲ ಸಾವಕಾಶ ಹೋಗಕೋತ ಭುಜಕ್ಕ ಭುಜ ತಾಗಿಸಿ ಬೀಳದಂಗ ಇರೋದೂ ಕಲಸ್ತಾರ, ಇದು ಭಾಳ ಉಪಯೋಗ ಆತು. ತಾಗೋದಕ್ಕೂ ನೂಕೋದಕ್ಕೂ ಇರೋ ಫರಕ್ ಮೈಗೇ ಗೊತ್ತಾಗತೈತಿ.

ಕೊರತೆ ಅಂದ್ರ ಎಲ್ಲಾ ಸೀದಾ ರೋಡಿನಾಗೇ ಮಾಡಸ್ತಾರ. ತಿರುವು ಇದ್ದಲ್ಲೇ ಮಂದಿ ಒಳಗ ನುಗ್ಗೋದು, ಅದೂ ಬೇಕಿತ್ತು, ಹೇಳೇನಿ, ಮುಂದಿನ ಬ್ಯಾಚಿಗೆ ಮಾಡ್ತೀವಿ ಅಂದಾರ. ಹೆಲ್ಮೆಟ್ ಇಲ್ಲದ ಹೋದ್ರ ಗೇಟಿನಿಂದನ ವಾಪಸ್ ಕಳಸ್ತಾರ, ನಮ್ಮ ಬ್ಯಾಚಿನಾಗ ಒಬ್ಬನ್ನ ಕಳಿಸಿದ್ರು, ರೊಕ್ಕಾನೂ ಹೊಳ್ಳಿ ಕೊಡಲಿಲ್ಲ.