ಸ್ಪಿತಿಗೆ ಯಾವ ದಾರಿ: ಕಿನ್ನೌರ್ ಕಡೆಯದೋ, ಮನಾಲಿ ಕಡೆಯದೋ?

ಹಿಮಾಚಲದ ಸ್ಪಿತಿ ಕಣಿವೆಗೆ ಮೊದಲ ಸಲ ಹೊರಟವರು ಶಿಮ್ಲಾ–ಕಿನ್ನೌರ್ ದಾರಿಯನ್ನೇ ಹಿಡಿಯುವುದು ಲೇಸು. ಸುಮಾರು 2,200 ಮೀಟರ್ ಎತ್ತರದ ಶಿಮ್ಲಾದಿಂದ ಹೊರಟು ಕಲ್ಪಾ, ನಾಕೋ, 996ರಲ್ಲಿ ಸ್ಥಾಪನೆಯಾದ ಬೌದ್ಧವಿಹಾರವಿರುವ ತಾಬೋ, ಹೀಗೆ ಅಲ್ಲಲ್ಲಿ ತಂಗುತ್ತಾ ಸಾಗಿದರೆ, 3,600 ಮೀಟರ್ ಮೀರಿದ, ಸ್ಪಿತಿಯ ಮುಖ್ಯ ಊರಾದ ಕಾಜಾ ತಲುಪುವ ಹೊತ್ತಿಗೆ ದೇಹವು ಅಲ್ಲಿನ ತೆಳುಗಾಳಿಗೆ ಬಹುಮಟ್ಟಿಗೆ ಹೊಂದಿಕೊಂಡಿರುತ್ತದೆ. ಮಳೆಗಾಲದಲ್ಲಿ ಮಾತ್ರ ಕಿನ್ನೌರಿನ ಗುಡ್ಡಕುಸಿತವನ್ನು ಹಗುರವಾಗಿ ಎಣಿಸಬಾರದು.

ಮನಾಲಿಯಿಂದ ಕಾಜಾಕ್ಕೆ ಸುಮಾರು 200 ಕಿಲೋಮೀಟರ್, ಶಿಮ್ಲಾ ದಾರಿಯ ಹೆಚ್ಚುಕಡಿಮೆ ಅರ್ಧ ದೂರ. ಆದರೆ ರಸ್ತೆ ಸ್ಪಿತಿಯ ಕಡೆ ತಿರುಗುವ ಗ್ರಾಂಫೂ ದಾಟಿದ ಮೇಲೆ ಹಳ್ಳಗಳು ಕಲ್ಲುಗುಂಡುಗಳ ನಡುವೆ ರಸ್ತೆಯ ಮೇಲೆಯೇ ಹರಿಯುತ್ತವೆ. ಬಿಸಿಲೇರಿದಂತೆ ಹಿಮ ಕರಗಿ ನೀರು ಹೆಚ್ಚುವುದರಿಂದ ನಸುಕಿನಲ್ಲೇ ಹೊರಡಬೇಕು. ಈ ದಾರಿಯಲ್ಲಿ ದಾಟಬೇಕಾದ, 4,500 ಮೀಟರಿಗೂ ಎತ್ತರದ ಕುಂಜುಮ್ ಪಾಸ್ ಚಳಿಗಾಲವಿಡೀ ಮುಚ್ಚಿರುತ್ತದೆ. ಹಿರಿಯರೋ ಮಕ್ಕಳೋ ಜೊತೆಗಿದ್ದರೆ ಮನಾಲಿ ದಾರಿಯನ್ನು ಮರಳುವಾಗಿನ ದಾರಿಯಾಗಿ ಮಾತ್ರ ಇಟ್ಟುಕೊಳ್ಳಿ.