ನಾಸ್ಟರ್ ಆ್ಯಪ್‌ಗೆ ಯಾವುದು: ಕೈಯಾರೆ ಬರೆದ ಕೋಡಾ, ನಾಸ್ಟರ್-ಟೂಲ್ಸಾ, ಎನ್‌ಡಿಕೆನಾ?

ದಿನಕ್ಕೊಂದು ಗಾದೆ ಹಾಕುವ ಬಾಟ್, ಕನ್ನಡದಲ್ಲಿ ಬರೆಯುವ ಗೆಳೆಯರ ಪೋಸ್ಟ್ ಓದೋಕೆ ಒಂದು ವೆಬ್ ಪುಟ. ನಾಸ್ಟರ್‌ನಲ್ಲಿ, ಅಂದರೆ ಒಂದೇ ಕಂಪನಿಯ ಹಿಡಿತವಿಲ್ಲದೆ 'ರಿಲೇ' ಅನ್ನೋ ಹಲವು ಸರ್ವರ್‌ಗಳ ಮೂಲಕ ಪೋಸ್ಟ್ ಹಂಚುವ ಮುಕ್ತ ಜಾಲದಲ್ಲಿ, ನನಗೆ ಬೇಕಿದ್ದದ್ದು ಇಷ್ಟೇ. ಮೂರು ದಾರಿ ಹಿಡಿದು ನೋಡಿದೆ: ಕೈಯಾರೆ ಬರೆದ ಕೋಡ್, ಆಮೇಲೆ ನಾಸ್ಟರ್-ಟೂಲ್ಸ್ ಮತ್ತು ಎನ್‌ಡಿಕೆ ಅನ್ನೋ ಎರಡು ಜಾವಾಸ್ಕ್ರಿಪ್ಟ್ ಲೈಬ್ರರಿ.

ಮೊದಲು, ಇಷ್ಟಕ್ಕೆಲ್ಲ ಎಸ್‌ಡಿಕೆ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಯಾಕೆ ಅಂತ ಪೈಥಾನ್‌ನಲ್ಲಿ ಕೈಯಾರೆ ಬರೆದೆ. ನಾಸ್ಟರ್‌ನಲ್ಲಿ ಪೋಸ್ಟ್ ಸೇರಿ ಎಲ್ಲವೂ 'ಇವೆಂಟ್' ಅನ್ನೋ ಒಂದು ದಾಖಲೆ, ಅದರಲ್ಲಿ ಏಳೇ ಫೀಲ್ಡ್. ಅದರಲ್ಲಿ ಐದನ್ನು ಒಂದು ಸೊನ್ನೆಯ ನಂತರ ಸಾಲಾಗಿಟ್ಟು, ನಡುವೆ ಖಾಲಿ ಜಾಗ ಬಿಡದೆ ಜೇಸನ್ ಪಠ್ಯ ಮಾಡಿ, ಎಸ್‌ಎಚ್‌ಎ-256 ಹ್ಯಾಶ್ (ಪಠ್ಯದ ಬೆರಳಚ್ಚು ಅನ್ನಬಹುದು) ತೆಗೆದರೆ ಐಡಿ. ಅದಕ್ಕೆ ಸಹಿ ಹಾಕಿ ರಿಲೇಗೆ ಕಳಿಸಿದರೆ ಆಯಿತು. ಇಂಗ್ಲಿಷ್‌ನಲ್ಲಿ 'ಹಲೋ' ಕಳಿಸಿದೆ, ಹೋಯಿತು. 'ನಮಸ್ಕಾರ' ಕಳಿಸಿದೆ, ಐಡಿ ತಪ್ಪು ಅಂತ ರಿಲೇ ವಾಪಸ್ ಎಸೆಯಿತು. ಒಂದು ಸಂಜೆ ಪೂರ್ತಿ ಸಹಿಯ ಕೋಡ್ ಕೆದಕಿದೆ. ತಪ್ಪು ಅಲ್ಲಿರಲೇ ಇಲ್ಲ. ಪೈಥಾನ್‌ನ ಜೇಸನ್ ಡಂಪ್ಸ್ ಅನ್ನು ಅದರ ಪಾಡಿಗೆ ಬಿಟ್ಟರೆ ಕನ್ನಡದ ಒಂದೊಂದು ಅಕ್ಷರವನ್ನೂ ಬ್ಯಾಕ್‌ಸ್ಲ್ಯಾಶ್-ಯು ಕೋಡ್ ಮಾಡಿಬಿಡುತ್ತದೆ, ರಿಲೇ ಮಾತ್ರ ಅಕ್ಷರವನ್ನು ಯುಟಿಎಫ್-8ರಲ್ಲಿ ಇದ್ದ ಹಾಗೇ ಹ್ಯಾಶ್ ಮಾಡುತ್ತದೆ. 'ಎನ್ಶೂರ್ ಆಸ್ಕಿ' ಫಾಲ್ಸ್ ಅಂತ ಹಾಕಿದೆ, ಸರಿಹೋಯಿತು. ಬರೀ ಇಂಗ್ಲಿಷ್‌ನಲ್ಲಿ ಟೆಸ್ಟ್ ಮಾಡುವವರಿಗೆ ಇದು ಜನ್ಮದಲ್ಲಿ ಗೊತ್ತಾಗಲ್ಲ, ಅಲ್ವಾ?

ನಾಸ್ಟರ್-ಟೂಲ್ಸ್‌ಗೆ ಬಂದಾಗ ಈ ತಲೆನೋವೇ ಇಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ 'ಫೈನಲೈಸ್ ಇವೆಂಟ್' ಅಂತ ಒಂದು ಸಾಲು, ಐಡಿ ಸಹಿ ಎರಡೂ ಸಿದ್ಧ. ಒಂದೇ ಪೋಸ್ಟ್ ಮೂರು ರಿಲೇಯಿಂದ ಬಂದರೂ ಹಲವು ರಿಲೇಗಳನ್ನು ಒಟ್ಟಿಗೆ ನೋಡಿಕೊಳ್ಳುವ ಅದರ ಸಿಂಪಲ್‌ಪೂಲ್ ಒಂದೇ ಸಲ ಕೊಡುತ್ತದೆ. ಆದರೆ ಸಮಯ ತುಂಬುವುದು ನಮ್ಮ ಕೆಲಸ. ಬ್ರೌಸರ್ ಕೊಡೋದು ಮಿಲಿಸೆಕೆಂಡ್, ನಾಸ್ಟರ್‌ಗೆ ಬೇಕಿರೋದು ಸೆಕೆಂಡ್. ಸಾವಿರದಿಂದ ಭಾಗಿಸೋದು ಮರೆತೆ, ನನ್ನ ಗಾದೆ ಐವತ್ತು ಸಾವಿರ ವರ್ಷ ಮುಂದೆ ಹೋಗಿ ಕೂತಿತು.

ಓದುವ ಪುಟದಲ್ಲಿ ಬೇರೆ ಕಥೆ. ಒಬ್ಬ ಗೆಳೆಯನ ಪೋಸ್ಟ್ ಒಂದೂ ಬರುತ್ತಿರಲಿಲ್ಲ, ಯಾಕೆಂದರೆ ನಾನು ಕೊಟ್ಟ ಮೂರು ರಿಲೇಗಳಲ್ಲಿ ಅವನು ಬರೆಯುತ್ತಲೇ ಇರಲಿಲ್ಲ. ಯಾರು ಎಲ್ಲಿ ಬರೆಯುತ್ತಾರೆ ಅನ್ನೋದು ಅವರವರ 10002 ಕೈಂಡ್‌ನ (ಅಂದರೆ ಬಗೆಯ) ಇವೆಂಟ್‌ನಲ್ಲಿರುತ್ತದೆ. ನಾಸ್ಟರ್-ಟೂಲ್ಸ್‌ನಲ್ಲಿ ಅದನ್ನು ತರುವ ಕೋಡ್ ನಾವೇ ಬರೆಯಬೇಕು. ಎನ್‌ಡಿಕೆಯಲ್ಲಿ ಔಟ್‌ಬಾಕ್ಸ್ ಅನ್ನೋ ಆಯ್ಕೆ ಆನ್ ಮಾಡಿದೆ, ಅವನು ಬರೆಯುವ ರಿಲೇಗಳನ್ನು ಅದೇ ಹುಡುಕಿಕೊಂಡು ಹೋಯಿತು, ಗೆಳೆಯ ಪ್ರತ್ಯಕ್ಷ! ಖುಷಿಯಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆದರೆ ರಿಲೇಗಳಿಗೆ ತೆರೆದಿಟ್ಟ ಸಂಪರ್ಕಗಳೇ, ಅಂದರೆ ವೆಬ್‌ಸಾಕೆಟ್, ಇಪ್ಪತ್ತಕ್ಕೂ ಜಾಸ್ತಿ. ಹಳೇ ಫೋನಲ್ಲಿ ಪುಟ ಏದುಸಿರು ಬಿಟ್ಟಿತು.

ಸದ್ಯ ಬಾಟ್ ನಾಸ್ಟರ್-ಟೂಲ್ಸ್‌ನಲ್ಲಿದೆ, ಪುಟ ಎನ್‌ಡಿಕೆಯಲ್ಲಿ. ಪೈಥಾನ್ ಕೋಡ್ ಅಳಿಸಿಲ್ಲ. ಯಾವುದಾದರೂ ರಿಲೇ ತಕರಾರು ತೆಗೆದರೆ, ಹ್ಯಾಶ್ ತಾಳೆ ನೋಡೋಕೆ ಈಗಲೂ ಅದನ್ನೇ ಓಡಿಸುತ್ತೇನೆ.